ಡಾಕ್ಟರ್, ರೇಸರ್, ಆಮೇಲೆ ಟ್ರ್ಯಾಕ್ ಓನರ್: ಜೊನಾಥನ್ ಪಾಮರ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬ್ರಿಟನ್ ರೇಸಿಂಗ್ ಫಾಲೋ ಮಾಡೋರಿಗೆ ಈ ಹೆಸ್ರು ಒಂದಲ್ಲ ಒಂದು ಕಡೆ ಸಿಕ್ಕೇ ಇರತ್ತೆ. ಹಳಬರಿಗೆ ಫಾರ್ಮುಲಾ 1ರ (ಎಫ್1) ಟಿರೆಲ್ ಟೀಮಿನ ಡ್ರೈವರ್, 90ರ ದಶಕದಲ್ಲಿ ಟಿವಿ ನೋಡ್ತಿದ್ದವ್ರಿಗೆ ಮರ್ರಿ ವಾಕರ್ ಪಕ್ಕ ಕೂತು ಕಾಮೆಂಟ್ರಿ ಹೇಳ್ತಿದ್ದವ್ರು, ಈಗಿನ ಹುಡುಗರಿಗೆ ಜೋಲಿಯನ್ ಪಾಮರ್ ಅವ್ರ ಅಪ್ಪ. ಆದ್ರೆ ನನ್ನ ಪ್ರಕಾರ ಅವ್ರ ದೊಡ್ಡ ಕೆಲ್ಸ ಹೆಲ್ಮೆಟ್ ತೆಗೆದಿಟ್ಟ ಮೇಲೆ ಶುರುವಾಗಿದ್ದು, ಅದರ ಬಗ್ಗೆ ಕನ್ನಡದಲ್ಲಿ ಯಾರೂ ಸರಿಯಾಗಿ ಬರೆದಿದ್ದು ನನ್ನ ಕಣ್ಣಿಗೆ ಬಿದ್ದಿಲ್ಲ, ಅದಕ್ಕೇ ಎಲ್ರೂ ಕೇಳೋ ಪ್ರಶ್ನೆಗಳನ್ನೆಲ್ಲ ಒಂದೇ ಕಡೆ ಹಾಕ್ತಿದೀನಿ.

ಅವ್ರು ನಿಜವಾಗ್ಲೂ ಡಾಕ್ಟರಾ, ಇಲ್ಲ ಸುಮ್ನೆ ಅಡ್ಡಹೆಸರಾ?

ನಿಜವಾದ ಡಾಕ್ಟರೇ. 1956ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ್ದು, ಅಲ್ಲಿನ ಗೈಸ್ ಆಸ್ಪತ್ರೆಯಲ್ಲಿ ಮೆಡಿಕಲ್ ಓದಿದ್ರು, ಓದು ಮುಗಿಸಿ ಜೂನಿಯರ್ ಡಾಕ್ಟರ್ ಆಗಿ ಕೆಲ್ಸಾನೂ ಮಾಡಿದ್ರು. ರೇಸಿಂಗ್ ಶುರು ಮಾಡಿದ್ದು ಸ್ಟೂಡೆಂಟ್ ಆಗಿದ್ದಾಗ್ಲೇ, ಅಂದ್ರೆ ವಾರವೆಲ್ಲಾ ಓದು, ವೀಕೆಂಡ್ ಆದ್ರೆ ಟ್ರ್ಯಾಕು. ಆಮೇಲೆ ಎರಡರಲ್ಲಿ ಒಂದನ್ನ ಬಿಡ್ಲೇಬೇಕು ಅನ್ನೋ ಹೊತ್ತು ಬಂತು, ಕೈಯಲ್ಲಿದ್ದ ಗಟ್ಟಿ ಕೆಲ್ಸಾನೇ ಬಿಟ್ರು. ಮೆಡಿಕಲ್ ಡಿಗ್ರಿ ಇಟ್ಕೊಂಡು ಸೀಟ್ ಸಿಗತ್ತೋ ಇಲ್ವೋ ಗೊತ್ತಿಲ್ದೆ ಇರೋ ಫೀಲ್ಡಿಗೆ ಇಳಿಯೋಕೆ ಎಷ್ಟು ಧೈರ್ಯ ಬೇಕು ಅಂತ ನೀವೇ ಯೋಚ್ನೆ ಮಾಡಿ.

ಫಾರ್ಮುಲಾ 1 ತನಕ ಬಂದಿದ್ದು ಹೇಗೆ? ದುಡ್ಡಾ, ಟ್ಯಾಲೆಂಟಾ?

ಗೆದ್ದು ಬಂದಿದ್ದು. 1981ರಲ್ಲಿ ವೆಸ್ಟ್ ಸರ್ರೆ ರೇಸಿಂಗ್ ಟೀಮಲ್ಲಿ ಎಫ್1ಗೆ ಹೋಗೋ ಮೆಟ್ಟಿಲುಗಳಲ್ಲಿ ಒಂದಾದ ಬ್ರಿಟಿಷ್ ಫಾರ್ಮುಲಾ 3ರ ಚಾಂಪಿಯನ್, ಆಗಿನ ಕಾಲಕ್ಕೆ ಆ ಟೈಟಲ್ ಅಂದ್ರೆ ಎಫ್1 ಟೀಮ್‌ಗಳೆಲ್ಲ ತಿರುಗಿ ನೋಡ್ತಿದ್ವು. ಆಮೇಲೆ ರಾಲ್ಟ್-ಹೋಂಡಾದಲ್ಲಿ ಫಾರ್ಮುಲಾ 2, ಮೊದಲ ವರ್ಷ ಕೈ ಹತ್ಲಿಲ್ಲ, 1983ರಲ್ಲಿ ಯುರೋಪಿಯನ್ ಚಾಂಪಿಯನ್ ಆಗೇಬಿಟ್ರು, ತಮ್ಮದೇ ಟೀಮ್‌ಮೇಟ್ ಮೈಕ್ ಥ್ಯಾಕ್‌ವೆಲ್ ಅವ್ರನ್ನ ಹಿಂದೆ ಹಾಕಿ. ಅದೇ ವರ್ಷ ಇಂಗ್ಲೆಂಡಿನ ಬ್ರ್ಯಾಂಡ್ಸ್ ಹ್ಯಾಚ್ ಟ್ರ್ಯಾಕಲ್ಲಿ ನಡೆದ ಯುರೋಪಿಯನ್ ಗ್ರ್ಯಾನ್ ಪ್ರೀಯಲ್ಲಿ (ಗ್ರ್ಯಾನ್ ಪ್ರೀ ಅಂದ್ರೆ ಎಫ್1 ರೇಸ್) ವಿಲಿಯಮ್ಸ್ ಟೀಮ್ ಒಂದು ಎಕ್ಸ್‌ಟ್ರಾ ಕಾರ್ ಇಳಿಸಿ ಇವ್ರನ್ನ ಕೂರಿಸ್ತು, 13ನೇ ಸ್ಥಾನ. ಬ್ರ್ಯಾಂಡ್ಸ್ ಹ್ಯಾಚ್ ಅನ್ನೋ ಹೆಸ್ರು ನೆನಪಿಟ್ಕೊಳ್ಳಿ, ಇವ್ರ ಕಥೆಯಲ್ಲಿ ಅದು ತಿರುಗಿ ತಿರುಗಿ ಬರತ್ತೆ.

ಎಫ್1ನಲ್ಲಿ ಎಷ್ಟು ರೇಸ್ ಗೆದ್ದಿದಾರೆ?

ಒಂದೂ ಇಲ್ಲ. ಪೋಡಿಯಂ, ಅಂದ್ರೆ ಮೊದಲ ಮೂರರಲ್ಲಿ ಸ್ಥಾನ, ಅದೂ ಇಲ್ಲ. 83 ರೇಸ್ ಸ್ಟಾರ್ಟ್, 14 ಪಾಯಿಂಟ್, ಅಷ್ಟೇ. ಇಷ್ಟು ಓದಿ "ಓ ಆರ್ಡಿನರಿ ಡ್ರೈವರ್" ಅಂತ ಮುಂದಕ್ಕೆ ಹೋಗೋರು ಜಾಸ್ತಿ, ಅವ್ರಿಗೆ ನಾನು ಹೇಳೋದು ಒಂದೇ, ಯಾವ್ಯಾವ ಕಾರಲ್ಲಿ ಅಂತ ಒಂದ್ಸಲ ನೋಡಿ.

1984ರಲ್ಲಿ ರ‍್ಯಾಮ್ ಅನ್ನೋ ಸಣ್ಣ ಟೀಮು, ಗ್ರಿಡ್‌ನ, ಅಂದ್ರೆ ರೇಸ್ ಶುರುವಿಗೆ ಕಾರುಗಳು ಸಾಲಾಗಿ ನಿಲ್ಲೋ ಜಾಗದ, ಕೊನೆ ಸಾಲುಗಳೇ ಗತಿ. 1985 ಮತ್ತೆ 86ರಲ್ಲಿ ಜಾಕ್‌ಸ್ಪೀಡ್, ಅದೊಂದು ಜರ್ಮನ್ ಟೀಮ್, ಚಾಸಿನೂ ತಾವೇ ಮಾಡಿ ಟರ್ಬೊ ಎಂಜಿನ್ನೂ ತಾವೇ ಮಾಡೋ ದೊಡ್ಡ ಸಾಹಸಕ್ಕೆ ಕೈ ಹಾಕಿದ್ರು, ಹೋಂಡಾ, ಬಿಎಂಡಬ್ಲ್ಯೂ, ಪೋರ್ಷ ಥರ ಕಂಪನಿಗಳು ಕೋಟಿಗಟ್ಲೆ ಸುರೀತಿದ್ದ ಕಾಲದಲ್ಲಿ! ಎಂಜಿನ್ ತಡ್ಕೊಳ್ತಿರ್ಲಿಲ್ಲ, ಈ ಮೂರು ವರ್ಷದಲ್ಲಿ ಒಂದು ಪಾಯಿಂಟೂ ಬರ್ಲಿಲ್ಲ. ಆಗ ಮೊದಲ ಆರು ಜನಕ್ಕೆ ಮಾತ್ರ ಪಾಯಿಂಟ್ ಕೊಡ್ತಿದ್ರು ಅನ್ನೋದನ್ನೂ ಮರೀಬೇಡಿ, ಈಗಿನ ಥರ ಹತ್ತನೇ ಸ್ಥಾನಕ್ಕೆ ಏನೂ ಇರ್ಲಿಲ್ಲ.

1987ರಿಂದ 89ರ ತನಕ ಟಿರೆಲ್. ಅಲ್ಲಿ ಮನುಷ್ಯ ಏನು ಅಂತ ಗೊತ್ತಾಯ್ತು. 87ರಲ್ಲಿ ಮೊನಾಕೊ ಐದನೇ ಸ್ಥಾನ, ಜರ್ಮನಿ ಐದನೇ ಸ್ಥಾನ, ಅಡಿಲೇಡ್‌ನಲ್ಲಿ ನಾಲ್ಕನೇ ಸ್ಥಾನ, ಅದೇ ಅವ್ರ ಬೆಸ್ಟ್ ರಿಸಲ್ಟ್. 88ರ ಟಿರೆಲ್ ಕಾರು ಎಷ್ಟು ಕೆಟ್ಟದಾಗಿತ್ತು ಅಂದ್ರೆ ಕೆಲವು ಕಡೆ ಕ್ವಾಲಿಫೈ ಆಗೋದೇ ಕಷ್ಟ, ಅಂಥದ್ರಲ್ಲೂ ಮೊನಾಕೊ ಮತ್ತೆ ಡೆಟ್ರಾಯ್ಟ್‌ನಲ್ಲಿ ಐದನೇ ಸ್ಥಾನ, ಕೆನಡಾದಲ್ಲಿ ಆರನೇ ಸ್ಥಾನ ತಂದ್ರು. ಗಮನಿಸಿ, ಮೊನಾಕೊ ಡೆಟ್ರಾಯ್ಟ್ ಎರಡೂ ಬೀದಿ ಟ್ರ್ಯಾಕ್‌ಗಳು, ಗೋಡೆ ಪಕ್ಕದಲ್ಲೇ ಇರತ್ತೆ, ಅಲ್ಲಿ ಎಂಜಿನ್ ಪವರ್‌ಗಿಂತ ತಲೆ ಜಾಸ್ತಿ ಕೆಲ್ಸ ಮಾಡ್ಬೇಕು. 89ರಲ್ಲಿ ಮಾಂಟ್ರಿಯಲ್‌ನ ಮಳೆ ರೇಸಲ್ಲಿ ಇಡೀ ರೇಸಿನ ಫಾಸ್ಟೆಸ್ಟ್ ಲ್ಯಾಪ್ ಇವ್ರದ್ದು, ಸೆನ್ನಾ, ಪ್ರೋಸ್ಟ್, ಮ್ಯಾನ್ಸೆಲ್ ಎಲ್ಲಾ ಇದ್ದ ಗ್ರಿಡ್ ಅದು. ರೇಸ್ ಮುಗಿಸೋಕೆ ಆಗ್ಲಿಲ್ಲ, ಆದ್ರೆ ಆ ಲ್ಯಾಪ್ ರೆಕಾರ್ಡ್ ಪುಸ್ತಕದಲ್ಲಿ ಹಾಗೇ ಇದೆ.

ಅದೇ ವರ್ಷ ಫ್ರಾನ್ಸ್ ರೇಸಲ್ಲಿ ಜ್ಯಾನ್ ಅಲೆಸಿ ಅನ್ನೋ ಹುಡುಗ ಪಕ್ಕದ ಟಿರೆಲ್‌ಗೆ ಬಂದು ಮೊದಲ ರೇಸಲ್ಲೇ ನಾಲ್ಕನೇ ಸ್ಥಾನ ಬಂದ್ಬಿಟ್ಟ. ಅಲ್ಲಿಂದ ಟೀಮಿನ ಕಣ್ಣೆಲ್ಲ ಅವನ ಮೇಲೆ, ವರ್ಷ ಮುಗಿಯೋ ಹೊತ್ತಿಗೆ ಪಾಮರ್ ಎಫ್1 ರೇಸಿಂಗ್ ಕೂಡ ಮುಗೀತು.

ಜಿಮ್ ಕ್ಲಾರ್ಕ್ ಟ್ರೋಫಿ ಅಂತ ಅವ್ರ ಹೆಸರಿನ ಮುಂದೆ ಇರತ್ತಲ್ಲ, ಅದೇನು?

1987ರಲ್ಲಿ ಒಂದೇ ಒಂದು ವರ್ಷ ಕೊಟ್ಟ ಪ್ರಶಸ್ತಿ. ಟರ್ಬೊ ಎಂಜಿನ್‌ಗಳನ್ನ ಎಫ್1ನಿಂದ ಹೊರಗೆ ಹಾಕ್ಬೇಕು ಅಂತ ತೀರ್ಮಾನ ಆಗಿತ್ತು, ಅದಕ್ಕೆ ಮುಂಚೆ ಟೀಮ್‌ಗಳು 3.5 ಲೀಟರ್ ನಾನ್-ಟರ್ಬೊ ಎಂಜಿನ್ ಕಡೆ ಬರ್ಲಿ ಅಂತ ಆ ಕಾರುಗಳಿಗೇ ಬೇರೆ ಒಂದು ಚಾಂಪಿಯನ್‌ಶಿಪ್ ಇಟ್ರು. ಡ್ರೈವರಿಗೆ ಜಿಮ್ ಕ್ಲಾರ್ಕ್ ಟ್ರೋಫಿ, ಟೀಮಿಗೆ ಕಾಲಿನ್ ಚಾಪ್‌ಮನ್ ಟ್ರೋಫಿ. ಎರಡೂ ಪಾಮರ್ ಮತ್ತೆ ಟಿರೆಲ್‌ಗೇ ಬಂತು. ಟರ್ಬೊ ಕಾರುಗಳ ಎದುರು ಪವರಲ್ಲಿ ಹೋಲಿಕೆನೇ ಇಲ್ಲ, ಆದ್ರೆ ಒಂದೇ ಥರದ ಕಾರು ಇರೋರ ಮಧ್ಯೆ ಇವ್ರೇ ಮುಂದೆ. ಮುಂದೆ ಪ್ರಮೋಟರ್ ಆಗಿ ತಮ್ಮದೇ ರೇಸ್ ಸರಣಿ ನಡೆಸಿದಾಗ ಎಲ್ರಿಗೂ ಒಂದೇ ಕಾರು ಅಂತ ಹಠ ಹಿಡಿದ್ರಲ್ಲ, ಅದರ ಬೇರು ಈ ವರ್ಷದಲ್ಲಿದೆ ಅಂತ ನನಗೆ ಬಲವಾಗಿ ಅನ್ಸತ್ತೆ.

ಹಾಗಾದ್ರೆ ದೊಡ್ಡ ರೇಸ್ ಯಾವ್ದೂ ಗೆದ್ದೇ ಇಲ್ವಾ?

ಗೆದ್ದಿದಾರೆ, ಸ್ಪೋರ್ಟ್ಸ್ ಕಾರಲ್ಲಿ. ರಿಚರ್ಡ್ ಲಾಯ್ಡ್ ಅವ್ರ ಪೋರ್ಷ 956ರಲ್ಲಿ ಯಾನ್ ಲಾಮರ್ಸ್ ಜೊತೆ 1984ರ ಬ್ರ್ಯಾಂಡ್ಸ್ ಹ್ಯಾಚ್ 1000 ಕಿಲೋಮೀಟರ್, ಮತ್ತೆ ಬಂತು ನೋಡಿ ಬ್ರ್ಯಾಂಡ್ಸ್ ಹ್ಯಾಚ್. 1985ರಲ್ಲಿ ಲ ಮಾನ್ 24 ಗಂಟೆ ರೇಸಲ್ಲಿ ಜೇಮ್ಸ್ ವೀವರ್ ಮತ್ತೆ ಲಾಯ್ಡ್ ಜೊತೆ ಎರಡನೇ ಸ್ಥಾನ, ಪ್ರೈವೇಟ್ ಟೀಮಿಗೆ ಅದು ಸಣ್ಣ ಮಾತಲ್ಲ. ಅದೇ ವರ್ಷ ಸ್ಪಾದಲ್ಲಿ ಪ್ರಾಕ್ಟೀಸ್ ಹೊತ್ತಲ್ಲಿ ಕ್ರ್ಯಾಶ್ ಆಗಿ ಕಾಲಿಗೆ ಪೆಟ್ಟು ಬಿತ್ತು, ಸೀಸನ್‌ನ ಉಳಿದ ಎಫ್1 ರೇಸ್‌ಗಳೆಲ್ಲ ಹೋದ್ವು. 1987ರಲ್ಲಿ ಜರ್ಮನಿಯ ನೋರಿಸ್‌ರಿಂಗ್‌ನಲ್ಲಿ ಮೌರೊ ಬಾಲ್ಡಿ ಜೊತೆ ಇನ್ನೊಂದು ಗೆಲುವು.

ಮೆಕ್‌ಲಾರೆನ್ ಎಫ್1 ಅನ್ನೋ ರೋಡ್ ಕಾರಿನ ಸ್ಪೀಡ್ ಟೆಸ್ಟ್ ಮಾಡಿದ್ದು ಇವ್ರೇನಾ?

ಹೌದು, 1993ರ ಟೆಸ್ಟ್ ಇವ್ರದ್ದು. ಆ ವರ್ಷ ಆಗಸ್ಟ್‌ನಲ್ಲಿ ಇಟಲಿಯ ನಾರ್ಡೊ ಟ್ರ್ಯಾಕಲ್ಲಿ ಎಕ್ಸ್‌ಪಿ3 ಅನ್ನೋ ಪ್ರೋಟೋಟೈಪನ್ನ ಗಂಟೆಗೆ 231 ಮೈಲಿಗೆ ಒಯ್ದ್ರು, ಅಂದ್ರೆ ಹತ್ತಿರ ಹತ್ತಿರ 372 ಕಿಲೋಮೀಟರ್. ನಾರ್ಡೊ ಟ್ರ್ಯಾಕ್ ದುಂಡಗಿದೆ, ಅಂದ್ರೆ ಆ ಸ್ಪೀಡಲ್ಲೂ ಕಾರು ಒಂದೇ ಸಮ ತಿರುಗ್ತಾನೇ ಇತ್ತು. ತುಂಬಾ ಜನ ಕನ್‌ಫ್ಯೂಸ್ ಮಾಡ್ಕೊಳ್ಳೋ 240 ಮೈಲಿ ರೆಕಾರ್ಡ್ ಬೇರೆ, ಅದು 1998ರಲ್ಲಿ ಜರ್ಮನಿಯಲ್ಲಿ ಆ್ಯಂಡಿ ವ್ಯಾಲೇಸ್ ಮಾಡಿದ್ದು.

ಟಿವಿ ಕಾಮೆಂಟ್ರಿಗೆ ಹೇಗೆ ಬಂದ್ರು?

ಬೇಜಾರಿನ ಸಂದರ್ಭದಲ್ಲಿ. 1993ರ ಜೂನ್‌ನಲ್ಲಿ ಕಾಮೆಂಟೇಟರ್ ಜೇಮ್ಸ್ ಹಂಟ್ ಇದ್ದಕ್ಕಿದ್ದ ಹಾಗೆ ತೀರ್ಕೊಂಡ್ರು, ಬಿಬಿಸಿಯಲ್ಲಿ ಮರ್ರಿ ವಾಕರ್ ಪಕ್ಕದ ಸೀಟ್ ಖಾಲಿ ಆಯ್ತು, ಅಲ್ಲಿಗೆ ಪಾಮರ್ ಬಂದು 1996ರ ತನಕ ಇದ್ರು. ಹಂಟ್ ಥರ ಖಾರವಾದ ಮಾತಿಲ್ಲ, ಕಾರು ಯಾಕೆ ಹಾಗೆ ಜಾರ್ತಿದೆ, ಟೈರ್ ಏನಾಗ್ತಿದೆ ಅಂತ ಬಿಡಿಸಿ ಬಿಡಿಸಿ ಹೇಳೋ ಶೈಲಿ, ನನಗೆ ಅದೇ ಇಷ್ಟ.

ಸರಿ, ಪ್ರಮೋಟರ್ ಅಂದ್ರೆ ಏನು ಕೆಲ್ಸ? ಪಬ್ಲಿಸಿಟಿ ಮಾಡೋರಾ?

ಇದೇ ಎಲ್ರೂ ತಪ್ಪು ತಿಳ್ಕೊಳ್ಳೋ ಜಾಗ. ಮೋಟರ್‌ಸ್ಪೋರ್ಟಲ್ಲಿ ಪ್ರಮೋಟರ್ ಅಂದ್ರೆ ಪೋಸ್ಟರ್ ಅಂಟಿಸೋರಲ್ಲ, ಇಡೀ ಚಾಂಪಿಯನ್‌ಶಿಪ್ಪಿನ ರಿಸ್ಕ್ ತಲೆ ಮೇಲೆ ಹೊತ್ಕೊಳ್ಳೋರು. ರೂಲ್ಸ್‌ಗೆ ಒಪ್ಪಿಗೆ ಕೊಡೋದು ಫೆಡರೇಶನ್, ಆದ್ರೆ ಯಾವ ಟ್ರ್ಯಾಕಲ್ಲಿ ಯಾವಾಗ ರೇಸು, ಟಿವಿ ಕಾಂಟ್ರಾಕ್ಟ್ ಯಾರ ಜೊತೆ, ಸ್ಪಾನ್ಸರ್ ಯಾರು, ಟಿಕೆಟ್ ಎಷ್ಟು, ಬಹುಮಾನ ಎಲ್ಲಿಂದ, ಗ್ರಿಡ್ಡಿಗೆ ಸಾಕಷ್ಟು ಕಾರು ಬರತ್ತೋ ಇಲ್ವೋ, ಇದೆಲ್ಲಾ ಪ್ರಮೋಟರ್ ತಲೆನೋವು. ಗ್ರಿಡ್ ತುಂಬ್ಲಿಲ್ಲ ಅಂದ್ರೆ ಲಾಸ್ ಅವ್ರದ್ದೇ.

ಪಾಮರ್ ಕೇಸಲ್ಲಿ ಇನ್ನೊಂದು ವಿಷ್ಯ ಸೇರತ್ತೆ, ಅವ್ರು ಟ್ರ್ಯಾಕ್ ಓನರ್ ಕೂಡ. ಟ್ರ್ಯಾಕ್ ಬಿಸ್ನೆಸ್ ಬೇರೆ ಥರ. ವರ್ಷಕ್ಕೆ ಜನ ತುಂಬೋ ವೀಕೆಂಡ್ ಕೆಲವೇ ಕೆಲವು, ಮಿಕ್ಕ ದಿನ ಟಾರ್ ಖಾಲಿ ಬಿದ್ದಿದ್ರೆ ಸಂಬಳ, ರಿಪೇರಿ ಯಾವ್ದೂ ಹುಟ್ಟಲ್ಲ. ಅದಕ್ಕೆ ಟ್ರ್ಯಾಕ್ ಡೇ, ಅಂದ್ರೆ ಯಾರು ಬೇಕಾದ್ರೂ ದುಡ್ಡು ಕೊಟ್ಟು ತಮ್ಮ ಕಾರೋ ಬೈಕೋ ತಂದು ಓಡ್ಸೋ ದಿನ, ಟೀಮ್‌ಗಳ ಟೆಸ್ಟಿಂಗ್, ಕಂಪನಿಗಳ ಈವೆಂಟು, ಡ್ರೈವಿಂಗ್ ಎಕ್ಸ್‌ಪೀರಿಯೆನ್ಸು, ಇವೇ ಊಟ ಹಾಕೋದು. ಜೊತೆಗೆ ಶಬ್ದದ ರೂಲ್ಸ್ ಬೇರೆ, ಬ್ರಿಟನ್ನಲ್ಲಿ ಸುತ್ತಮುತ್ತ ಮನೆಗಳಿರೋ ಟ್ರ್ಯಾಕಿಗೆ ಎಷ್ಟು ದಿನ ಎಷ್ಟು ಗದ್ದಲ ಮಾಡ್ಬಹುದು ಅಂತ ಮಿತಿ ಇರತ್ತೆ, ಆ ಮಿತಿಯೊಳಗೆ ಕ್ಯಾಲೆಂಡರ್ ಕೂರಿಸೋದು ದೊಡ್ಡ ಲೆಕ್ಕಾಚಾರ.

ಫಾರ್ಮುಲಾ ಪಾಮರ್ ಆಡಿ ಅಂದ್ರೇನು?

ಪ್ರಮೋಟರ್ ಆಗಿ ಅವ್ರ ಮೊದಲ ದೊಡ್ಡ ಹೆಜ್ಜೆ, 1998ರಲ್ಲಿ ಶುರು, 2010ರ ತನಕ ನಡೀತು. ಸಿಂಗಲ್ ಸೀಟರ್ ಕಾರು, ಆಡಿಯ 1.8 ಲೀಟರ್ ಟರ್ಬೊ ಎಂಜಿನ್, ಮತ್ತೆ ಒಂದು ದೊಡ್ಡ ವ್ಯತ್ಯಾಸ: ಟೀಮ್‌ಗಳೇ ಇಲ್ಲ. ಎಲ್ಲಾ ಕಾರುಗಳನ್ನ ಪ್ರಮೋಟರೇ ಒಂದೇ ಕಡೆ ಇಟ್ಟು, ಒಂದೇ ಮೆಕ್ಯಾನಿಕ್ ಪಡೆ ರೆಡಿ ಮಾಡಿ ಕೊಡೋದು, ಡ್ರೈವರ್ ಬಂದು ಕೂತು ಓಡ್ಸೋದು. ಶ್ರೀಮಂತ ಟೀಮ್, ಬಡ ಟೀಮ್ ಅನ್ನೋ ಭೇದ ಇಲ್ವೇ ಇಲ್ಲ. ಓವರ್‌ಟೇಕಿಗೆ ಅಂತ ಸ್ವಲ್ಪ ಹೊತ್ತು ಬೂಸ್ಟ್ ಏರ್ಸೋ ಬಟನ್ ಇತ್ತು, ಈಗ ಇದು ಎಲ್ಲಾ ಕಡೆ ಕಾಮನ್ ಆದ್ರೂ ಆಗ ಹೊಸದು.

ಮೊದಲ ವರ್ಷದ ಚಾಂಪಿಯನ್‌ಗೆ ಬಹುಮಾನ, ಮುಂದಿನ ವರ್ಷ ಪೂರ್ತಿ ಖರ್ಚು ಕೊಟ್ಟು ಫಾರ್ಮುಲಾ 3000 ಸೀಟು, ಆಗ ಎಫ್1ಗೆ ಒಂದು ಮೆಟ್ಟಿಲು ಕೆಳಗಿನ ಸರಣಿ ಅದು. ಕಪ್ ಕೊಟ್ಟು ಫೋಟೋ ತೆಗ್ಸಿ ಕಳ್ಸೋದಲ್ಲ, ಮುಂದಿನ ಮೆಟ್ಟಿಲನ್ನೇ ಕೈಗೆ ಕೊಡೋದು. ತಾವು ದುಡ್ಡಿಲ್ಲದ ಟೀಮ್‌ಗಳಲ್ಲಿ ಮೂರು ವರ್ಷ ಒದ್ದಾಡಿದವ್ರಿಗೆ ಮಾತ್ರ ಇಂಥ ಬಹುಮಾನ ಹೊಳೆಯೋದು.

ಆ ಮೊದಲ ಚಾಂಪಿಯನ್ ಯಾರು? ಏನಾದ್ರು?

ಜಸ್ಟಿನ್ ವಿಲ್ಸನ್. 1.93 ಮೀಟರ್ ಎತ್ತರದ ಹುಡುಗ, ರೇಸ್ ಕಾರಲ್ಲಿ ಕೂರೋದೇ ಒಂದು ಪ್ರಾಬ್ಲಂ. ಆ ಬಹುಮಾನದ ಸೀಟಿಂದ ಮುಂದಕ್ಕೆ ಹೋಗಿ 2001ರಲ್ಲಿ ಫಾರ್ಮುಲಾ 3000 ಚಾಂಪಿಯನ್ ಆದ್ರು. ಎಫ್1 ಬಾಗಿಲು ಮಾತ್ರ ದುಡ್ಡಿಲ್ದೆ ತೆರೀಲಿಲ್ಲ. ಆಗ ಅವ್ರ ಮ್ಯಾನೇಜರ್ ಆಗಿದ್ದ ಪಾಮರ್ ಏನ್ ಮಾಡಿದ್ರು ಗೊತ್ತಾ, ವಿಲ್ಸನ್ ಹೆಸರಲ್ಲೇ ಒಂದು ಕಂಪನಿ ಮಾಡಿ ಜನರಿಗೆ ಶೇರ್ ಮಾರಿದ್ರು! ಮುಂದೆ ಡ್ರೈವರ್ ದುಡಿಯೋ ದುಡ್ಡಲ್ಲಿ ಇನ್ವೆಸ್ಟರ್‌ಗಳಿಗೆ ಪಾಲು. ಸಾಮಾನ್ಯ ಫ್ಯಾನ್‌ಗಳೆಲ್ಲ ಸೇರಿ ಸುಮಾರು 12 ಲಕ್ಷ ಪೌಂಡ್ ಕೂಡಿಸಿದ್ರು, 2003ರಲ್ಲಿ ಮಿನಾರ್ಡಿ ಸೀಟ್ ಸಿಕ್ತು, ಸೀಸನ್ ಮಧ್ಯದಲ್ಲೇ ಜ್ಯಾಗ್ವಾರ್ ಟೀಮ್ ಕರ್ಕೊಂಡ್ತು, ಇಂಡಿಯಾನಾಪೊಲಿಸ್‌ನಲ್ಲಿ ಒಂದು ಪಾಯಿಂಟೂ ಬಂತು.

ಆಮೇಲೆ ಅಮೆರಿಕಾಗೆ ಹೋದ್ರು, 2009ರಲ್ಲಿ ವಾಟ್ಕಿನ್ಸ್ ಗ್ಲೆನ್‌ನಲ್ಲಿ ಡೇಲ್ ಕಾಯ್ನ್ ಅವ್ರ ಸಣ್ಣ ಟೀಮಿಗೆ ಅಲ್ಲಿನ ದೊಡ್ಡ ಸರಣಿ ಇಂಡಿಕಾರ್‌ನಲ್ಲಿ ಮೊದಲ ಗೆಲುವು ತಂದುಕೊಟ್ರು. 2015ರ ಆಗಸ್ಟ್‌ನಲ್ಲಿ ಪೊಕೊನೊ ರೇಸಲ್ಲಿ ಬೇರೆ ಕಾರಿಂದ ಹಾರಿದ ತುಂಡು ತಲೆಗೆ ಬಡಿದು ತೀರ್ಕೊಂಡ್ರು. 37 ವರ್ಷ. ಇದನ್ನ ಬರೆಯೋವಾಗ ಈಗಲೂ ಕೈ ನಿಲ್ಲತ್ತೆ.

ಪಾಮರ್ ಅವ್ರ ಬೆಡ್‌ಫರ್ಡ್ ಆಟೋಡ್ರೋಮ್ ಟ್ರ್ಯಾಕಲ್ಲಿ ದೊಡ್ಡ ರೇಸ್ ಯಾಕೆ ಇಲ್ಲ?

ಅದನ್ನ ಕಟ್ಟಿದ್ದೇ ರೇಸಿಗಲ್ಲ. ಥರ್ಲಿ ಅನ್ನೋ ಹಳೇ ಏರ್‌ಫೀಲ್ಡಲ್ಲಿ 1999ರಲ್ಲಿ ಓಪನ್ ಆಯ್ತು, ಕಂಪನಿಗಳ ಗೆಸ್ಟ್‌ಗಳು ಒಂದು ದಿನ ಬಂದು ರೇಸ್ ಕಾರು ಓಡ್ಸಿ ಹೋಗೋ ಪಾಮರ್‌ಸ್ಪೋರ್ಟ್ ಈವೆಂಟ್‌ಗೆ ಅಂತ, ಜೊತೆಗೆ ಟ್ರ್ಯಾಕ್ ಡೇ. ಪ್ರೇಕ್ಷಕರು ಇಲ್ದಿದ್ರಿಂದ ಸುತ್ತ ಗೋಡೆ ಬೇಕಿಲ್ಲ, ಎಲ್ಲಾ ಕಡೆ ಬಯಲು, ಹೊಸಬ ಜಾರಿದ್ರೂ ಹುಲ್ಲಿಗೆ ಹೋಗಿ ವಾಪಸ್ ಬರ್ತಾನೆ.

ಬ್ರ್ಯಾಂಡ್ಸ್ ಹ್ಯಾಚ್ ಅವ್ರ ಕೈಗೆ ಬಂದಿದ್ದು ಹೇಗೆ?

ಇದು ಕಥೆಯ ಮುಖ್ಯ ಭಾಗ. 1986ರಲ್ಲಿ ಬ್ರ್ಯಾಂಡ್ಸ್ ಹ್ಯಾಚ್‌ನಲ್ಲಿ ಕೊನೇ ಎಫ್1 ರೇಸ್ ಆಯ್ತು. 1999ರಲ್ಲಿ ಆಗಿನ ಓನರ್ ಕಂಪನಿ ಬ್ರಿಟಿಷ್ ಗ್ರ್ಯಾನ್ ಪ್ರೀಯನ್ನ ಸಿಲ್ವರ್‌ಸ್ಟೋನ್‌ನಿಂದ ಇಲ್ಲಿಗೆ ತರ್ತೀವಿ ಅಂತ ಹಕ್ಕು ಪಡೀತು, ಆ ಹಕ್ಕಿನ ಜೋರಿನ ಮೇಲೆ ಆಕ್ಟಗನ್ ಅನ್ನೋ ದೊಡ್ಡ ಕಂಪನಿ ಸುಮಾರು 12 ಕೋಟಿ ಪೌಂಡ್ ಕೊಟ್ಟು ಎಲ್ಲಾ ಕೊಂಡ್ಕೊಳ್ತು. ಆದ್ರೆ ಗ್ರ್ಯಾನ್ ಪ್ರೀ ಬರ್ಲೇ ಇಲ್ಲ. 2004ರ ಜನವರಿಯಲ್ಲಿ ಪಾಮರ್ ಮತ್ತೆ ಪಾರ್ಟ್‌ನರ್‌ಗಳ ಕಂಪನಿ ಮೋಟರ್‌ಸ್ಪೋರ್ಟ್ ವಿಷನ್, ಎಂಎಸ್‌ವಿ ಅಂತಾರೆ, ಬ್ರ್ಯಾಂಡ್ಸ್ ಹ್ಯಾಚ್, ಔಲ್ಟನ್ ಪಾರ್ಕ್, ಸ್ನೆಟರ್ಟನ್, ಕ್ಯಾಡ್‌ವೆಲ್ ಪಾರ್ಕ್ ನಾಲ್ಕೂ ಟ್ರ್ಯಾಕನ್ನ ಸುಮಾರು 1 ಕೋಟಿ 55 ಲಕ್ಷ ಪೌಂಡ್‌ಗೆ ತಗೊಳ್ತು.

ಎರಡು ರೇಟ್ ಪಕ್ಕಪಕ್ಕ ಇಟ್ಟು ನೋಡಿ. ಒಬ್ರು ಬರಬಹುದಾದ ಗ್ರ್ಯಾನ್ ಪ್ರೀಗೆ ದುಡ್ಡು ಕೊಟ್ರು, ಇನ್ನೊಬ್ರು ಇರೋ ಟಾರು, ಇರೋ ಕ್ಲಬ್ ರೇಸರ್‌ಗಳು, ಇರೋ ಪ್ರೇಕ್ಷಕರಿಗೆ ದುಡ್ಡು ಕೊಟ್ರು. ಪಾಮರ್ ಬಂದ್ಮೇಲೆ ಎಫ್1 ಕನಸಿನ ಮಾತೇ ಆಡ್ಲಿಲ್ಲ, ಬದಲಿಗೆ ಕಟ್ಟಡ, ಪ್ಯಾಡಾಕು, ಟಾಯ್ಲೆಟ್ಟು, ಹುಲ್ಲು, ಬೇಲಿ ಒಂದೊಂದಾಗಿ ಸರಿ ಮಾಡ್ಕೊಂಡು ಹೋದ್ರು. ಟಾಯ್ಲೆಟ್ ಅಂದ್ರೆ ಸಣ್ಣ ವಿಷ್ಯ ಅನ್ಸಬಹುದು, ಫ್ಯಾಮಿಲಿ ಕರ್ಕೊಂಡು ಹೋಗೋರನ್ನ ಕೇಳಿ.

2011ರಲ್ಲಿ ಸ್ನೆಟರ್ಟನ್ ಟ್ರ್ಯಾಕನ್ನ ಮೂರು ಮೈಲಿ ಹತ್ತಿರಕ್ಕೆ ಉದ್ದ ಮಾಡಿದ್ರು. 2017ರಲ್ಲಿ ಡಾನಿಂಗ್ಟನ್ ಪಾರ್ಕ್ ಕೂಡ ಲೀಸ್ ಮೇಲೆ ಎಂಎಸ್‌ವಿ ಕೈಗೆ ಬಂತು, ಅದೂ ಗ್ರ್ಯಾನ್ ಪ್ರೀ ತರೋಕೆ ಹೋಗಿ ಬೇರೆಯವ್ರ ಕೈಲಿ ನಲುಗಿದ್ದ ಟ್ರ್ಯಾಕೇ.

ಬೈಕ್ ರೇಸಿಗೂ ಇವ್ರಿಗೂ ಏನು ಸಂಬಂಧ?

ಕಾರ್ ಡ್ರೈವರ್ ಆಗಿದ್ರೂ ಇವ್ರ ಕಂಪನಿಯ ದೊಡ್ಡ ಶೋ ಬೈಕಿಂದೇ! ಬ್ರಿಟಿಷ್ ಸೂಪರ್‌ಬೈಕ್ ಚಾಂಪಿಯನ್‌ಶಿಪ್ 2008ರಿಂದ ಎಂಎಸ್‌ವಿ ಪ್ರಮೋಟ್ ಮಾಡ್ತಿದೆ. 2010ರಲ್ಲಿ ಶೋಡೌನ್ ಅಂತ ತಂದ್ರು, ಸೀಸನ್ ಕೊನೇ ರೌಂಡ್‌ಗಳಿಗೆ ಟಾಪ್ ರೈಡರ್‌ಗಳ ಪಾಯಿಂಟ್ ಮತ್ತೆ ಹತ್ತಿರ ತಂದು ಟೈಟಲ್ ಫೈಟ್ ಕೊನೆ ತನಕ ಎಳೆಯೋ ವ್ಯವಸ್ಥೆ. 2012ರಿಂದ ಎಲ್ರಿಗೂ ಒಂದೇ ಇಸಿಯು, ಅಂದ್ರೆ ಎಂಜಿನ್ ನಡೆಸೋ ಕಂಪ್ಯೂಟರ್, ಮತ್ತೆ ಚಕ್ರ ಜಾರದ ಹಾಗೆ ತಡೆಯೋ ಟ್ರ್ಯಾಕ್ಷನ್ ಕಂಟ್ರೋಲ್ ಇಲ್ಲ. ಶೋಡೌನ್ ಬಗ್ಗೆ ನನಗೆ ಈಗ್ಲೂ ಅಷ್ಟು ಸಮಾಧಾನ ಇಲ್ಲ, ವರ್ಷವೆಲ್ಲಾ ಗೆದ್ದವನ ಲೀಡ್ ಕಿತ್ಕೊಂಡ ಹಾಗೆ. ಆದ್ರೆ ಎಲೆಕ್ಟ್ರಾನಿಕ್ಸ್ ತೆಗೆದಿದ್ದು ನೂರಕ್ಕೆ ನೂರು ಸರಿ, ಬೈಕ್ ಹಿಂದೆ ಜಾರೋದನ್ನ ರೈಡರ್ ಬಲಗೈಯಲ್ಲಿ ಹಿಡಿಯೋದು ನೋಡೋದೇ ಬೇರೆ ಸುಖ.

ಫಾರ್ಮುಲಾ 2 ವಾಪಸ್ ತಂದಿದ್ದು ಇವ್ರೇ ಅಂತಾರೆ, ಈಗಿನ ಎಫ್2 ಇದೇನಾ?

ಅಲ್ಲ, ಈಗಿನದ್ದು ಎಫ್1ಗೆ ಒಂದು ಮೆಟ್ಟಿಲು ಕೆಳಗಿದ್ದ ಜಿಪಿ2 ಸರಣಿಗೆ 2017ರಲ್ಲಿ ಕೊಟ್ಟ ಹೆಸ್ರು. ಇವ್ರದ್ದು 2009ರಿಂದ 2012. ಎಫ್‌ಐಎ, ಅಂದ್ರೆ ವಿಶ್ವ ಮೋಟರ್‌ಸ್ಪೋರ್ಟ್ ಫೆಡರೇಶನ್, ಕಮ್ಮಿ ಖರ್ಚಿನ ಸರಣಿ ಬೇಕು ಅಂತ ಟೆಂಡರ್ ಕರೀತು, ಎಂಎಸ್‌ವಿ ಗೆಲ್ತು. ಕಾರನ್ನ ವಿಲಿಯಮ್ಸ್ ಡಿಸೈನ್ ಮಾಡಿದ್ದು, ಆಡಿ ಟರ್ಬೊ ಎಂಜಿನ್, ಸುಮಾರು 400 ಹಾರ್ಸ್‌ಪವರ್, ಮತ್ತೆ ಅದೇ ಫಾರ್ಮುಲಾ: ಟೀಮ್ ಇಲ್ಲ, ಎಲ್ಲಾ ಕಾರೂ ಒಂದೇ ಕಡೆ. ಸೀಸನ್ನಿಗೆ 1,95,000 ಪೌಂಡ್, ಜಿಪಿ2 ಖರ್ಚಿನ ಮುಂದೆ ಏನೂ ಅಲ್ಲ. ಚಾಂಪಿಯನ್‌ಗೆ ವಿಲಿಯಮ್ಸ್ ಎಫ್1 ಕಾರಲ್ಲಿ ಟೆಸ್ಟ್, ಮೊದಲು ಗೆದ್ದಿದ್ದು ಸ್ಪೇನಿನ ಆ್ಯಂಡಿ ಸೌಸೆಕ್. ಕೊನೆಗೆ ಗ್ರಿಡ್ ತೆಳ್ಳಗಾಗಿ ನಿಂತ್ಹೋಯ್ತು. ಟೀಮ್‌ಗಳನ್ನ ಹೊರಗಿಟ್ರೆ ಡ್ರೈವರ್ ಹುಡುಕಿ ತರೋರೂ ಇರಲ್ಲ, ನನ್ನ ಪ್ರಕಾರ ಈ ಐಡಿಯಾದ ದೊಡ್ಡ ಬಲಹೀನತೆ ಅದೇ.

ಹೆನ್ರಿ ಸರ್ಟೀಸ್ ಘಟನೆ ಈ ಸರಣಿಯಲ್ಲೇ ಆಗಿದ್ದಾ?

ಹೌದು. 2009ರ ಜುಲೈ 19, ಬ್ರ್ಯಾಂಡ್ಸ್ ಹ್ಯಾಚ್. ಮುಂದೆ ಕ್ರ್ಯಾಶ್ ಆದ ಕಾರಿನ ಚಕ್ರ ಕಿತ್ತು ಟ್ರ್ಯಾಕ್ ಮೇಲೆ ಬಂದು ಹೆನ್ರಿ ತಲೆಗೆ ಬಡೀತು, ಅವನು ತೀರ್ಕೊಂಡ. 18 ವರ್ಷದ ಹುಡುಗ, ಬೈಕಲ್ಲೂ ಕಾರಲ್ಲೂ ವಿಶ್ವ ಚಾಂಪಿಯನ್ ಆಗಿದ್ದ ಜಾನ್ ಸರ್ಟೀಸ್ ಅವ್ರ ಮಗ. ಚಕ್ರವನ್ನ ಕಾರಿಗೆ ಕಟ್ಟಿಡೋ ಟೆದರ್‌ಗಳಿದ್ರೂ ಆಗಿದ್ದು ಅದು. ಒಂದೇ ವಾರದಲ್ಲಿ ಹಂಗೇರಿಯಲ್ಲಿ ಎಫ್1 ಡ್ರೈವರ್ ಫೆಲಿಪೆ ಮಾಸಾ ಹೆಲ್ಮೆಟ್ಟಿಗೆ ಸ್ಪ್ರಿಂಗ್ ಬಡೀತು. ಡ್ರೈವರ್ ತಲೆ ಕಾಪಾಡ್ಬೇಕು ಅನ್ನೋ ಚರ್ಚೆ ಅಲ್ಲಿಂದ ಜೋರಾಯ್ತು, ಡ್ರೈವರ್ ತಲೆ ಸುತ್ತ ಇರೋ ರಕ್ಷಣೆ ಚೌಕಟ್ಟು, ಹೇಲೋ ಅಂತಾರೆ, ಎಫ್1ಗೆ ಬಂದಿದ್ದು 2018ರಲ್ಲಿ. ಮೊದಲು ಅದನ್ನ ಚಪ್ಪಲಿ ಪಟ್ಟಿ ಅಂತ ಬೈದವ್ರಲ್ಲಿ ನಾನೂ ಒಬ್ಬ, ಈಗ ಆ ಮಾತು ವಾಪಸ್ ತಗೊಂಡಿದೀನಿ.

ಈಗಿನ ಎಫ್1 ಡ್ರೈವರ್‌ಗಳು ಯಾರಾದ್ರೂ ಇವ್ರ ಸರಣಿಯಿಂದ ಬಂದಿದಾರಾ?

ಜಾರ್ಜ್ ರಸೆಲ್ 2014ರ ಬಿಆರ್‌ಡಿಸಿ (ಬ್ರಿಟಿಷ್ ರೇಸಿಂಗ್ ಡ್ರೈವರ್ಸ್ ಕ್ಲಬ್) ಫಾರ್ಮುಲಾ 4 ಚಾಂಪಿಯನ್, ಅದು ಎಂಎಸ್‌ವಿ ಸರಣಿ. ಅದೇ ಸರಣಿ 2016ರಲ್ಲಿ ಬಿಆರ್‌ಡಿಸಿ ಬ್ರಿಟಿಷ್ ಫಾರ್ಮುಲಾ 3 ಆಯ್ತು, ಆ ವರ್ಷ ಲ್ಯಾಂಡೊ ನಾರಿಸ್ ಕೆಲವು ರೌಂಡ್ ಓಡ್ಸಿ ರೇಸ್ ಗೆದ್ರು. 2021ರಲ್ಲಿ ಜಿಬಿ3 ಅಂತ ಹೆಸ್ರು ಬದಲಾಯ್ತು, ಕೆಳಗಿನ ಮೆಟ್ಟಿಲಾಗಿ 2022ರಲ್ಲಿ ಜಿಬಿ4 ಬಂತು. ಇಲ್ಲಿ ಟೀಮ್‌ಗಳಿದಾವೆ ಅನ್ನೋದನ್ನ ಗಮನಿಸಿ, ಎಫ್2 ಪಾಠ ಕಲ್ತ ಹಾಗಿದೆ.

ಒಬ್ರ ಕೈಯಲ್ಲೇ ಇಷ್ಟೊಂದು ಟ್ರ್ಯಾಕ್ ಇರೋದು ಸರೀನಾ?

ನ್ಯಾಯವಾದ ಪ್ರಶ್ನೆ. ಟ್ರ್ಯಾಕೂ ಅವ್ರದ್ದು, ಅಲ್ಲಿ ಓಡೋ ಸೂಪರ್‌ಬೈಕ್ ಸರಣಿನೂ ಅವ್ರದ್ದು ಅಂದ್ರೆ ಬಾಡಿಗೆ ಚೌಕಾಸಿ ಮಾಡೋಕೆ ಕ್ಲಬ್‌ಗಳಿಗೆ ಬೇರೆ ಬಾಗಿಲು ಕಮ್ಮಿ. ನಾನು ಆ ಆತಂಕ ಸುಳ್ಳು ಅನ್ನಲ್ಲ. ಆದ್ರೆ ಟ್ರ್ಯಾಕ್ ಜಾಗ ಅಂದ್ರೆ ಮನೆ ಕಟ್ಟೋರಿಗೆ ಬಂಗಾರ, ಒಂದ್ಸಲ ಹೋಯ್ತು ಅಂದ್ರೆ ವಾಪಸ್ ಬರಲ್ಲ. ರೇಸಿಂಗ್ ಗೊತ್ತಿರೋ ಒಬ್ರು ಅದನ್ನ ಓಡಿಸ್ತಾ ಇದಾರೆ ಅನ್ನೋದು ನನಗೆ ದೊಡ್ಡ ಸಮಾಧಾನ.

ಎಫ್1 ಬಿಸ್ನೆಸ್ ನಡೆಸ್ತಿದ್ದ ಬರ್ನಿ ಎಕ್ಲ್‌ಸ್ಟೋನ್ ಥರಾನೇ ಅಲ್ವಾ ಇವ್ರು?

ಇಬ್ರೂ ಡ್ರೈವರ್ ಆಗಿ ಶುರು ಮಾಡಿದ್ದು ಹೌದು, ಎಕ್ಲ್‌ಸ್ಟೋನ್ 1958ರಲ್ಲಿ ಮೊನಾಕೊದಲ್ಲಿ ಕ್ವಾಲಿಫೈ ಆಗೋಕೆ ಟ್ರೈ ಮಾಡಿ ಆಗ್ಲಿಲ್ಲ. ಆದ್ರೆ ಅವ್ರು ದುಡ್ಡು ಮಾಡಿದ್ದು ಮುಖ್ಯವಾಗಿ ಹಕ್ಕುಗಳನ್ನ ಮಾರಿ, ಟಿವಿ, ಹೋಸ್ಟಿಂಗ್ ಫೀ ಅಂತ. ಪಾಮರ್ ದುಡ್ಡು ಹಾಕಿದ್ದು ಟಾರಿಗೆ, ಹುಲ್ಲಿಗೆ, ಬೇಲಿಗೆ.

ಮಕ್ಕಳು?

ಜೋಲಿಯನ್ 2014ರ ಜಿಪಿ2 ಚಾಂಪಿಯನ್, ಆಮೇಲೆ 2016, 17ರಲ್ಲಿ ರೆನೋ ಎಫ್1 ಟೀಮು, 2017ರ ಸಿಂಗಾಪುರದಲ್ಲಿ ಆರನೇ ಸ್ಥಾನ ಅವ್ರ ಬೆಸ್ಟ್. ಈಗ ಅಪ್ಪನ ಹಾಗೇ ಮೈಕ್ ಹಿಡಿದು ರೇಸ್ ಬಿಡಿಸಿ ಹೇಳೋ ಕೆಲ್ಸ. ತಮ್ಮ ವಿಲ್ 2015ರ ಬಿಆರ್‌ಡಿಸಿ ಫಾರ್ಮುಲಾ 4 ಚಾಂಪಿಯನ್.

ಸ್ನೆಟರ್ಟನ್‌ನಲ್ಲಿ ಪಾಮರ್ ಅಂತ ಒಂದು ಕಾರ್ನರ್ ಇದೆಯಲ್ಲ, ಇವ್ರ ಹೆಸರೇನಾ?

ಹೌದು, 2011ರಲ್ಲಿ ಟ್ರ್ಯಾಕ್ ಉದ್ದ ಮಾಡಿದಾಗ ಇಟ್ಟಿದ್ದು. ಅದನ್ನ ದಾಟಿ ಮುಂದಕ್ಕೆ ಹೋದ್ರೆ ಸಿಗೋದು ಅಗೋಸ್ಟಿನಿ, ಹ್ಯಾಮಿಲ್ಟನ್ ಅನ್ನೋ ಕಾರ್ನರ್‌ಗಳು.